ಮೊದಲ ಬಹುಮಾನ: ಒಂದು ಹೋರಿ

ಶನಿವಾರ ಬೆಳಿಗ್ಗೆ ಆರೂವರೆಗೆ ಯೋನಾಸ್ ಸಾರ್ ಹಲ್ಲುಜ್ಜುತ್ತಾ ಕಿಟಕಿ ತೆಗೆದರೆ, ಕಂಬಿಯ ಆಚೆಯಿಂದ ಒಂದು ಹೋರಿ ಅವರನ್ನೇ ನೋಡುತ್ತಾ ನಿಂತಿತ್ತು. ಬೂದು ಮೈ, ಕಪ್ಪು ಡುಬ್ಬ. ಎರಡು ಕೊಂಬುಗಳ ನಡುವೆ ಒಂದು ತೊಟ್ಟಿಲು ಕಟ್ಟಬಹುದಿತ್ತು. ಸಾರ್ ಬಾಯಲ್ಲಿದ್ದ ಪೇಸ್ಟನ್ನೆಲ್ಲ ಗುಳುಕ್ಕನೆ ನುಂಗಿಬಿಟ್ಟರು.

“ಜಾನಮ್ಮಾ! ಈ ಪ್ರಾಣಿಯು ಇಲ್ಲಿಗೆ ಏಕೆ ಆಗಮಿಸಿದೆ?”

ಯೋನಾಸ್ ಸಾರ್ ಸ್ವಿಟ್ಜರ್ಲೆಂಡಿನವರು. ಮಿಷನ್ನಿನವರು ಅವರನ್ನು ಧಾರವಾಡಕ್ಕೆ ಕಳಿಸಿ, ಒಬ್ಬ ವಯಸ್ಸಾದ ಪಂಡಿತರಿಂದ ಕನ್ನಡ ಹೇಳಿಸಿದ್ದರು. ಪಂಡಿತರು ಬಹುವಚನದ ಪಾಠಕ್ಕೆ ಬರುವ ಮೊದಲೇ ಸಾರ್‌ಗೆ ಕರುಮತ್ತಂಪಟ್ಟಿಯ ಹಾಸ್ಟೆಲಿಗೆ ವರ್ಗವಾಯಿತು. ಊರು ತಮಿಳುನಾಡಿನದಾದರೇನು, ಅಲ್ಲಿನ ಮಗ್ಗದ ಮನೆಗಳ ಹುಡುಗರು ಮನೆಯಲ್ಲಿ ಕನ್ನಡ ಆಡುತ್ತಾರಲ್ಲ, ಅಷ್ಟು ಸಾಕು ಎಂದು ಮಿಷನ್ನಿನ ಲೆಕ್ಕ. ಹೀಗೆ ಮೂರು ವರ್ಷದಿಂದ ಸಾರ್ ಆ ಹುಡುಗರಿಗೆ ಇಂಗ್ಲಿಷು, ಬೈಬಲ್ಲು ಹೇಳಿಕೊಡುತ್ತಾ, ತಾವು ಅವರಿಂದ ಕಬಡ್ಡಿ ಕಲಿಯುತ್ತಾ, ದೊಡ್ಡವರು ಚಿಕ್ಕವರೆನ್ನದೆ ಊರಿಗೆ ಊರನ್ನೇ ಗ್ರಾಂಥಿಕ ಏಕವಚನದಲ್ಲಿ ಮಾತಾಡಿಸುತ್ತಿದ್ದರು. ತಮಿಳು ಮಾತ್ರ ತಲೆಗೆ ಹತ್ತಿರಲಿಲ್ಲ.

ಅಡುಗೆಯ ಜಾನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. “ನೀವೇ ಕೇಳಿ ತರಿಸಿದ್ದಂತಲ್ಲ ಸಾರ್! ನೋಟೀಸಲ್ಲೇ ಹಾಕವ್ರೆ.”

“ಯಾವ ನೋಟೀಸು?”

ಆಕೆ ಒಂದು ಗುಲಾಬಿ ಕಾಗದ ಚಾಚಿದಳು. ಅಂದು ಹಾಸ್ಟೆಲಿನ ಮೈದಾನದಲ್ಲಿ ಯುವಕರ ಕಬಡ್ಡಿ ಪಂದ್ಯ. ಕಾಗದದ ನಡುವೆ ಏಸುವಿನ ಚಿತ್ರವಿರಬೇಕಾದ ಕಡೆ ಹೋರಿಯ ಚಿತ್ರವಿತ್ತು. ಕೆಳಗೆ ತಮಿಳಿನಲ್ಲಿ ಏನೋ ದಪ್ಪಕ್ಷರ. ಜಾನಮ್ಮ ಓದಿ ಹೇಳಿದಳು: “ಮೊದಲ ಬಹುಮಾನ, ಒಂದು ಕಾಂಗೇಯಂ ತಳಿಯ ಹೋರಿ. ಕೊಡೋರು, ಯೋನಾಸ್ ಸಾರ್.”

ಸಾರ್ ಅಲ್ಲೇ ಮಂಚದ ಮೇಲೆ ಕುಸಿದರು.

ನೋಟೀಸು ಅಚ್ಚು ಮಾಡಿದ ಪ್ರೆಸ್ಸಿನ ಕುಪ್ಪುಸಾಮಿಗೆ ತಮಿಳು ಬಿಟ್ಟರೆ ಬೇರೆ ಮಾತಿಲ್ಲ. ಬಹುಮಾನದ ಏರ್ಪಾಡೂ ಅವನದೇ. ಹೋದ ವಾರ ಸಾರ್ ಅವನಿಗೆ ಫೋನು ಮಾಡಿ, “ಮೊದಲನೆಯ ಬಹುಮಾನಕ್ಕೆ ನೀನೇ ಏನಾದರೂ ಮಾಡು” ಎಂದಿದ್ದರು. ಆ ಕಡೆಯಿಂದ ಅವನು “ಮಾಡಾ?” ಎಂದು ಬೆರಗಾಗಿ ಕೇಳಿದ್ದ. “ಹೌದು, ಮಾಡು. ಒಳ್ಳೆಯದಾಗಿ ಮಾಡು. ದೊಡ್ಡದಾಗಿ ಮಾಡು” ಎಂದು ಸಾರ್ ಒತ್ತಿ ಒತ್ತಿ ಹೇಳಿದ್ದರು.

“ತಮಿಳಲ್ಲಿ ಮಾಡು ಅಂದ್ರೆ ದನ ಸಾರ್,” ಎಂದಳು ಜಾನಮ್ಮ. “ನೀವು ಒಂದಲ್ಲ, ನಾಲ್ಕು ಸಲ ಕೇಳಿದ್ದೀರಿ. ಪುಣ್ಯಕ್ಕೆ ಒಂದೇ ತಂದವ್ನೆ.”

ಹೋರಿಯ ಹಗ್ಗ ಹಿಡಿದು ಬೇವಿನ ಮರದಡಿ ಒಬ್ಬ ಮುದುಕ ಕೂತಿದ್ದ. ಕಾಂಗೇಯಂ ಪಕ್ಕದ ಹಳ್ಳಿಯ ರೈತ ತಿರುಮಲೈಸಾಮಿ. ಮನೆಮಾತು ಕನ್ನಡವೇ. ಸಾರ್ ಹತ್ತಿರ ಹೋದರೆ ಎದ್ದು ಕೈಮುಗಿದ. ಕಣ್ಣು ಕೆಂಪಗಿದ್ದವು.

“ಇವನ ಹೆಸರು ರಾಜಾ ಸಾರ್. ಮಗುವಿನ ತರ ಬೆಳೆಸಿದ್ದು. ಬೇರೆ ಯಾರು ಕೇಳಿದ್ರೂ ಕೊಡ್ತಿರಲಿಲ್ಲ. ನೀವು ನಮ್ಮೂರ ಪಸಂಗಳಿಗೆ, ಹುಡುಗರಿಗೆ, ಇಂಗ್ಲೀಷು ಹೇಳಿಕೊಡ್ತೀರಿ ಅಂದ್ರಲ್ಲ, ಅದಕ್ಕೇ ಮನಸು ಗಟ್ಟಿ ಮಾಡಿದೆ.”

“ನಾನು ಅಂದೆನೇ?”

“ಕುಪ್ಪುಸಾಮಿ ಫೋನಲ್ಲಿ ಕೇಳಿದಾಗ ‘ಸರಿ, ಸರಿ’ ಅಂದ್ರಂತಲ್ಲ. ದಿನಾ ಬೆಳಿಗ್ಗೆ ಐದಕ್ಕೆ, ಮೂರು ವರ್ಷ. ಏಳಕ್ಕೆ ಹುಡುಗರನ್ನ ತಿರುಪ್ಪೂರಿನ ಬನಿಯನ್ ಕಂಪನಿ ವ್ಯಾನು ಕರಕೊಂಡು ಹೋಗ್ತದೆ ನೋಡಿ, ಅಷ್ಟರೊಳಗೆ ಪಾಠ ಮುಗಿಬೇಕು.”

ಫೋನಿನಲ್ಲಿ ಅರ್ಥವಾಗದ ತಮಿಳಿಗೆಲ್ಲ ‘ಸರಿ’ ಎಂದದ್ದು ಸಾರ್‌ಗೆ ಈಗ ನೆನಪಾಯಿತು. ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಐದಕ್ಕೆ ಅಲ್ಲಿರಬೇಕಾದರೆ ಇಲ್ಲಿಂದ ಮೂರು ಗಂಟೆಗೇ ಹೊರಡಬೇಕು, ತಿರುಪ್ಪೂರಿನಲ್ಲಿ ಬಸ್ಸು ಬದಲಿಸಬೇಕು. ಮೂರು ವರ್ಷ! ಆಗುವುದಿಲ್ಲ ಎನ್ನೋಣವೆಂದರೆ, ಮೊನ್ನೆ ಭಾನುವಾರ ತಾನೇ ಹುಡುಗರಿಗೆ ‘ಹೌದೆಂದರೆ ಹೌದೇ ಆಗಿರಲಿ’ ಎಂಬ ಬೈಬಲ್ಲಿನ ವಾಕ್ಯದ ಮೇಲೆ ಮುಕ್ಕಾಲು ಗಂಟೆ ಬೋಧನೆ ಮಾಡಿದ್ದರು.

ಅಷ್ಟರಲ್ಲಿ ಮುದುಕನೇ ಒಂದು ದಾರಿ ತೋರಿಸಿದ. “ನಮ್ಮೂರ ಟೀಮೂ ಆಡ್ತಾ ಇದೆ ಸಾರ್. ಅವರು ಗೆದ್ದು ರಾಜಾನ ಮನೆಗೆ ವಾಪಸ್ ತಂದ್ರೆ ನೀವೂ ಬರೋದು ಬೇಡ, ಮಾತು ಅಲ್ಲಿಗೇ ಮುಗೀತು. ನಾನು ಅಷ್ಟೂ ದೇವರಿಗೂ ಹರಕೆ ಹೊತ್ತಿದೀನಿ.”

ಸಾರ್ ತಮ್ಮ ಒಬ್ಬನೇ ದೇವರಿಗೆ ಅಲ್ಲೇ ನಿಂತು ಅದನ್ನೇ ಬೇಡಿಕೊಂಡರು.

ಆರು ತಂಡ ಬಂದರೆ ಹೆಚ್ಚು ಎಂದುಕೊಂಡಿದ್ದ ಪಂದ್ಯಕ್ಕೆ ಒಂಬತ್ತು ಗಂಟೆಯೊಳಗೆ ಮೂವತ್ತೆಂಟು ತಂಡ ಬಂದು ಇಳಿದವು. ಸೂಲೂರಿನಿಂದ ಲಾರಿ, ಸೋಮನೂರಿನಿಂದ ಟ್ರ್ಯಾಕ್ಟರು. ಇಡೀ ಊರಿನ ಮಗ್ಗಗಳು ನಿಂತವು. ಬೇಕರಿಯಲ್ಲಿ ಬನ್ನು ಮುಗಿಯಿತು, ಆಮೇಲೆ ಬ್ರೆಡ್ಡು ಮುಗಿಯಿತು, ಕೊನೆಗೆ ಯಾರದೋ ಹುಟ್ಟುಹಬ್ಬಕ್ಕೆ ಇಟ್ಟಿದ್ದ ಕೇಕೂ ಹೋಯಿತು. ಹೋರಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಸಾಲು ಹಚ್ಚಿದವರ ನಡುವೆ ಕುಪ್ಪುಸಾಮಿ ಬೀಗರ ಮನೆಯ ಯಜಮಾನನಂತೆ ಓಡಾಡುತ್ತಿದ್ದ. ಸಾರನ್ನು ಕಂಡು ದೂರದಿಂದಲೇ ಎರಡೂ ಹೆಬ್ಬೆರಳು ಎತ್ತಿ ತೋರಿಸಿದ.

ಹಾಸ್ಟೆಲಿನ ಹುಡುಗರ ತಂಡದಿಂದ ಸಾರ್‌ಗೆ ಭಯವಿರಲಿಲ್ಲ. ಮೂರು ವರ್ಷದಲ್ಲಿ ಅದು ಒಂದೇ ಒಂದು ಪಂದ್ಯ ಗೆದ್ದಿತ್ತು, ಅದೂ ಎದುರಿನ ತಂಡದ ಬಸ್ಸು ಕೆಟ್ಟು ನಿಂತಾಗ. ಆದರೆ ಆ ದಿನ ಹುಡುಗರಿಗೆ ಏನು ಹೊಕ್ಕಿತೋ, ಮೊದಲ ಪಂದ್ಯ ಗೆದ್ದರು. ಎರಡನೆಯದನ್ನೂ ಗೆದ್ದರು. ನಾಯಕ ಮೋಹನ್ ರಾಜ್ ಮಣ್ಣು ಕೊಡವಿಕೊಂಡು ಓಡಿ ಬಂದು, “ಸಾರ್, ಸೋತರೂ ಬಿಡಬೇಡಿ ಅಂತ ಹೇಳ್ತಿದ್ರಲ್ಲ, ಇವತ್ತು ಬಿಡಲ್ಲ ಸಾರ್!” ಎಂದ. ಸಾರ್ ಹಲ್ಲು ಕಿರಿದು ಅವನ ಬೆನ್ನು ತಟ್ಟಿದರು.

ಪಕ್ಕದ ಮನೆಯ ಪವರ್‌ಲೂಮ್ ಮಾಲೀಕ ರಾಮಲಿಂಗಂ ಇದನ್ನೆಲ್ಲ ನೋಡುತ್ತಲೇ ಇದ್ದ. ಕೇಳದಿದ್ದರೂ ಬುದ್ಧಿ ಹೇಳುವುದು ಅವನ ಧರ್ಮ. ಅರ್ಧ ಕನ್ನಡದಲ್ಲಿ ಸಾರ್ ಕಿವಿಗೆ ಉಸುರಿದ: “ಸಾರ್, ನಿಮ್ಮ ಹುಡುಗರು ಸೋಲ್ಬೇಕು, ಅಷ್ಟೇ ತಾನೇ? ಮಧ್ಯಾಹ್ನ ಹೊಟ್ಟೆ ಬಿರಿಯೋ ಹಂಗೆ ಊಟ ಹಾಕಿಸಿ. ಎದ್ದು ನಿಲ್ಲಕ್ಕೂ ಆಗಲ್ಲ.”

“ಛೇ! ಅದು ಮೋಸವಾಗುತ್ತದೆ. ನಾನು ಒಪ್ಪಲಾರೆ.”

“ನೀವು ಒಪ್ಪಬೇಡಿ. ನಾನು ಪ್ರೀತಿಯಿಂದ ಕಳಿಸ್ತೀನಿ.”

ಸಾರ್ ಬೇಡ ಬೇಡವೆನ್ನುತ್ತಿದ್ದಂತೆ ಅವನ ಮನೆಯಿಂದ ಒಂದು ಕೊಳದಪ್ಪಲೆ ಬಿಸಿಬೇಳೆ ಅನ್ನ, ಇನ್ನೊಂದು ಕೊಳದಪ್ಪಲೆ ಕೇಸರಿಬಾತು ಬಂತು. ಹುಡುಗರು ಎರಡನ್ನೂ ತಳ ಕಾಣಿಸಿದರು. ಮೈದಾನಕ್ಕೆ ಇಳಿದಾಗ ಅವರಿಗೆ ಓಡಲು ಆಗುತ್ತಿರಲಿಲ್ಲ ನಿಜ, ಆದರೆ ಅವರನ್ನು ಅಲುಗಿಸಲು ಯಾರಿಂದಲೂ ಆಗಲಿಲ್ಲ. ಹಿಡಿಯಲು ಬಂದವರನ್ನು ಮೈಮೇಲೆ ಹೇರಿಕೊಂಡೇ, ಕಬ್ಬಿನ ಗಾಡಿಯಂತೆ ಮೆಲ್ಲಗೆ ನಡೆದು ಗೆರೆ ಮುಟ್ಟುತ್ತಿದ್ದರು. “ಕಬಡ್ಡಿ ಕಬಡ್ಡಿ” ನಡುವೆ ತೇಗು ಬಂದರೂ ಉಸಿರು ಬಿಡಲಿಲ್ಲ. ನಾಲ್ಕು ಗಂಟೆಗೆ ಅವರು ಫೈನಲ್ಲಿನಲ್ಲಿದ್ದರು. ಎದುರಿಗೆ ತಿರುಮಲೈಸಾಮಿಯ ಊರಿನ ತಂಡ.

ಮೈದಾನದ ಸುತ್ತ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಒಂದು ಕಡೆ ಮುದುಕ ಹೋರಿಯ ಕೊರಳು ತಬ್ಬಿ ಕಣ್ಣು ಮುಚ್ಚಿ ನಿಂತಿದ್ದ. ಇನ್ನೊಂದು ಕಡೆ ಸಾರ್ ತುಟಿ ಕಚ್ಚಿಕೊಂಡು ನಿಂತಿದ್ದರು. ಹತ್ತೊಂಬತ್ತು ಹತ್ತೊಂಬತ್ತು. ಇಪ್ಪತ್ತೊಂದು ಇಪ್ಪತ್ತೊಂದು. ಉಳಿದಿದ್ದು ಒಂದೇ ರೈಡು. ಮೋಹನ್ ರಾಜ್ ಗೆರೆಯ ಹತ್ತಿರ ಬಂದು, ತಿರುಗಿ ಸಾರ್ ಮುಖ ನೋಡಿದ.

ಈ ಹುಡುಗ ಬಂದ ಹೊಸದರಲ್ಲಿ ನಾಲ್ಕು ಜನರ ಎದುರು ಹೆಸರು ಹೇಳಲೂ ತೊದಲುತ್ತಿದ್ದ. ಆಟದ ದಿನ ಹೊಟ್ಟೆನೋವೆಂದು ಮಲಗಿಬಿಡುತ್ತಿದ್ದ. ಸಾರ್ ಸುಮ್ಮನಿರಲು ನಿಶ್ಚಯಿಸಿದರು. ಮಾತಾಡದಿದ್ದರೆ ಅದು ಮೋಸವೇನಲ್ಲವಲ್ಲ.

ಮೋಹನ್ ರಾಜ್ ಒಳಗೆ ನುಗ್ಗಿದ. ಒಬ್ಬನನ್ನು ಮುಟ್ಟಿದ. ತಿರುಗುವಷ್ಟರಲ್ಲಿ ಕಾಲಿಗೆ ಒಬ್ಬ, ಸೊಂಟಕ್ಕೆ ಇಬ್ಬರು ಬಿದ್ದರು. ಹುಡುಗ ನೆಲಕ್ಕುರುಳಿದ. ಗೆರೆಗೂ ಬೆರಳಿಗೂ ಒಂದು ಗೇಣು. ಆಗ ಸಾರ್‌ಗೆ ಬಸ್ಸು, ಮೂರು ಗಂಟೆ, ಮೂರು ವರ್ಷ ಎಲ್ಲ ಮರೆತುಹೋಯಿತು. ಬೇಲಿ ಹಾರಿ ಒಳಗೆ ನುಗ್ಗಿ, ಧಾರವಾಡದ ಪಂಡಿತರು ಯಾವತ್ತೂ ಕಲಿಸದ ಕನ್ನಡದಲ್ಲಿ ಕಿರುಚಿದರು: “ಎಳಿಯೋ! ಬಿಡಬ್ಯಾಡಲೇ ಮಗನೇ! ಎಳೀ!”

ಬೆರಳು ಗೆರೆ ದಾಟಿತು.

ಮುಂದೆ ಏನಾಯಿತೆಂದು ಸಾರ್‌ಗೆ ಸರಿಯಾಗಿ ನೆನಪಿಲ್ಲ. ಹುಡುಗರು ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಮೂರು ಸುತ್ತು ಹಾಕಿದರು. ಸಾರೂ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು. ಕೆಳಗಿಳಿಸಿದ ಮೇಲೆಯೇ ಮೂರು ಗಂಟೆಯ ಬಸ್ಸು ನೆನಪಾದದ್ದು.

ತಿರುಮಲೈಸಾಮಿ ಹಗ್ಗವನ್ನು ಮೋಹನ್ ರಾಜನ ಕೈಗಿಟ್ಟ. ಮುಖ ತಿರುಗಿಸಿಕೊಂಡು ಹೆಗಲ ಟವಲಿನಿಂದ ಕಣ್ಣೊತ್ತಿಕೊಂಡ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನೋ ಪಿಸುಮಾತಾಯಿತು. ಮೋಹನ್ ರಾಜ್ ಮೈಕು ಹಿಡಿದ. ಮಾತು ತೊದಲಲಿಲ್ಲ.

“ಅಯ್ಯಾ, ಹೋರಿ ನೀವೇ ಇಟ್ಕೊಳ್ಳಿ. ಇನ್ನೊಬ್ಬರನ್ನ ಅಳಿಸಿ ತಕ್ಕೊಂಡಿದ್ದು ನಮಗೆ ಬೇಡ. ನಮ್ಮ ಸಾರ್ ಹಂಗೇ ಹೇಳಿಕೊಟ್ಟವ್ರೆ.”

ಜನ ಒಮ್ಮೆಗೇ ಶಿಳ್ಳೆ ಹಾಕಿದರು. ಯೋನಾಸ್ ಸಾರ್ ಕಣ್ಣಲ್ಲಿ ನೀರು ಬಂತು. ಮೂರು ವರ್ಷದ ಪಾಠ ವ್ಯರ್ಥವಾಗಲಿಲ್ಲ! ಅದರ ಹಿಂದೆಯೇ ಇನ್ನೊಂದು ಯೋಚನೆ ಹೊಳೆಯಿತು. ಹೋರಿ ಮನೆಗೆ ವಾಪಸ್ ಹೋಗುತ್ತಿದೆ. ಅಂದರೆ ಮಾತೂ ಮುಗಿಯಿತು!

“ತಿರುಮಲೈಸಾಮಿ,” ಎಂದರು ಸಂಭ್ರಮದಿಂದ, “ಹೋರಿಯು ನಿನ್ನ ಗೃಹಕ್ಕೆ ಮರಳಿತು. ಇನ್ನು ನಾನು ಬರುವ ಅಗತ್ಯವಿಲ್ಲ.”

“ಅದೆಂಗೆ ಸಾರ್!” ಮುದುಕ ಗಾಬರಿಯಾದ. “ಗೆದ್ದು ತಕ್ಕೊಂಡು ಹೋದ್ರೆ ಅಂತ ಹೇಳಿದ್ದೆ. ಇದು ದಾನ. ದಾನ ಈಸ್ಕೊಂಡು ನಿಮ್ಮನ್ನ ಬಿಟ್ಟು ಹೋದ್ರೆ ಊರಲ್ಲಿ ನನ್ನ ಮುಖಕ್ಕೆ ಉಗೀತಾರೆ.” ಅವನು ಮೈಕಿನ ಕಡೆ ತಿರುಗಿದ. “ಇಂಗ್ಲೀಷು ಯಾರು ಬೇಕಾದ್ರೂ ಹೇಳಿಕೊಡ್ತಾರೆ. ಇಂಥಾ ಮನಸು ಹೇಳಿಕೊಡೋ ವಾದ್ಯಾರು ಎಲ್ಲಿ ಸಿಕ್ತಾರೆ? ಒಂದು ಹೊತ್ತು ಪೋದಾದು, ಸಾಲಲ್ಲ. ಬೆಳಿಗ್ಗೆ ಹುಡುಗರಿಗೆ, ಸಾಯಂಕಾಲ ಹುಡುಗಿಯರಿಗೆ. ಹಗಲು ಬೇಕಾದ್ರೆ ಇಲ್ಲಿ ಬಂದು ಹೋಗ್ಲಿ. ಮೂರಲ್ಲ, ಐದು ವರ್ಷ! ಇವತ್ತೇ ಕರಕೊಂಡು ಹೋಗ್ತೀನಿ!”

ಚಪ್ಪಾಳೆಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದುಹೋದವು. ಹಾಸ್ಟೆಲಿನ ಹುಡುಗರು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು. ಜಾನಮ್ಮ ಆಗಲೇ ಒಳಗೆ ಹೋಗಿ ಸಾರ್ ಪೆಟ್ಟಿಗೆ ತುಂಬಿ ತಂದಿದ್ದಳು. ಮೇಲೆ ಉಪ್ಪಿನಕಾಯಿಯ ಬಾಟಲಿ.

ಹೋರಿ ಬಂದಿದ್ದ ವ್ಯಾನಿನ ಮುಂದೆ ಡ್ರೈವರು, ತಿರುಮಲೈಸಾಮಿ, ಹೊಸ ಕ್ಲಾಸಿನ ನೋಟೀಸು ಹೊಡೆಯಲು ಹೊರಟ ಕುಪ್ಪುಸಾಮಿ, ಇಷ್ಟರಲ್ಲೇ ಜಾಗ ತುಂಬಿತು. ಸಾರ್ ಹಿಂದೆ ಹತ್ತಿ, ಹೋರಿಯ ಪಕ್ಕ ಹುಲ್ಲಿನ ಮೇಲೆ ಕೂತರು. ಹೊರಡುವ ಮುಂಚೆ ಕುಪ್ಪುಸಾಮಿ ಹಿಂದಕ್ಕೆ ತಿರುಗಿ, ತಮಿಳಿನಲ್ಲಿ ಏನೋ ಉದ್ದಕ್ಕೆ ಕೇಳಿದ. ಸಾರ್‌ಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಈ ಸಲ ಅವರು ಮೋಸಹೋಗುವವರಲ್ಲ. ಮಾಡು ಎನ್ನಲಿಲ್ಲ, ಸರಿ ಎನ್ನಲಿಲ್ಲ. ತುಟಿ ಬಿಗಿದು ಕಲ್ಲಿನಂತೆ ಕೂತರು.

ಕುಪ್ಪುಸಾಮಿ ಒಂದು ನಿಮಿಷ ಕಾದ. ಇಲ್ಲವೆನ್ನಲಿಲ್ಲವಲ್ಲ ಎಂದು ಖುಷಿಯಾಗಿ, ಜೇಬಿನಿಂದ ಡೈರಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಬರೆದುಕೊಳ್ಳತೊಡಗಿದ. ವ್ಯಾನು ಊರು ದಾಟಿದರೂ ಇನ್ನೂ ಬರೆಯುತ್ತಲೇ ಇದ್ದ.