ಮೃತ ಗಿರಣಿ, ಹತ್ತಿಮತ್ತೂರು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕುಗಳಲ್ಲಿ ‘ಡೆಡ್’ ಎಂಬ ಇಂಗ್ಲಿಷ್ ಪದಕ್ಕೆ ಸದ್ಯ ನಲವತ್ತೊಂದು ಅರ್ಥಗಳು ಅಧಿಕೃತವಾಗಿ ಜಾರಿಯಲ್ಲಿವೆ. ಹದಿನೆಂಟು ನಿಘಂಟಿನವು, ಇಪ್ಪತ್ತಮೂರು ಆಡುಮಾತಿನವು. ಇವನ್ನು ನಿರ್ಣಯಿಸಿದ ಸಮಿತಿಯ ಅಧ್ಯಕ್ಷ ನಾನೇ. ನನ್ನನ್ನು ಆರಿಸಿದ್ದು ಕೇವಲ ಯೋಗ್ಯತೆಯ ಮೇಲೆ. ಆರಿಸಿದ ಅಧಿಕಾರಿ ಸುಶೀಂದ್ರ ನನ್ನ ಅಣ್ಣನ ಮಗ ಎಂಬುದು ಆಮೇಲೆ ಗಮನಕ್ಕೆ ಬಂತು. ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿದವನು ನಾನು. ನಮ್ಮ ಮನೆಯ ನಿಘಂಟನ್ನು ಒಂದೇ ಕೈಯಲ್ಲಿ ಎತ್ತಬಲ್ಲ ಗಂಡಸು ವರದಾ ಹೊಳೆಯ ಎರಡೂ ದಂಡೆಯಲ್ಲಿ ಇನ್ನೊಬ್ಬನಿಲ್ಲ.

ಪ್ರಕರಣ ಹೀಗಿದೆ. ಹತ್ತಿಮತ್ತೂರಿನ ಹೊಳೆವ್ವನಿಗೆ ಸುಶೀಂದ್ರನ ಕಚೇರಿಯಿಂದ ಖಾರ ಕುಟ್ಟುವ ಗಿರಣಿ ಮಂಜೂರಾಗಿತ್ತು. ಮೋಟಾರಿಗೆ ಅರಗಿನ ಮೊಹರು. ಅಪ್ಪಣೆ ಇಲ್ಲದೆ ಮೊಹರು ಮುರಿದರೆ ಗಿರಣಿಯೇ ಜಪ್ತಿ. ಯುಗಾದಿಯ ಹೊತ್ತಿಗೆ, ಊರ ಹೆಂಗಸರೆಲ್ಲ ವರ್ಷದ ಮೆಣಸಿನಕಾಯಿ ಒಣಗಿಸಿ ಸರದಿಗೆ ನಿಂತಾಗ, ಮೋಟಾರು ನಿಂತಿತು. ಹೊಳೆವ್ವ ಅರ್ಜಿ ಬರೆಸಿದಳು: “ಮೋಟಾರ ಡೆಡ್ ಆಗೇತಿ. ದುರಸ್ತಿ ಮಾಡಿಸಿಕೊಡ್ರಿ.”

ಕಚೇರಿಯಲ್ಲಿ ಎಲ್ಲರಿಗೂ ಅರ್ಥವಾಯಿತು. ಆದರೆ ಅರ್ಥವಾಗುವುದು ಬೇರೆ, ಅರ್ಥ ಮಂಜೂರಾಗುವುದು ಬೇರೆ. ಆದ್ದರಿಂದ ಸಮಿತಿ, ಜೀಪು, ಊಟದ ಭತ್ಯೆ.

ಹನ್ನೊಂದು ಪ್ರವಾಸ ಮಾಡಿದೆವು. ತಡಸದಲ್ಲಿ ಚಾರ್ಜು ಹೋದ ಫೋನು ಡೆಡ್. ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಬಾಯಿ ತೆರೆದು ಮಲಗಿದ್ದ ಕಂಡಕ್ಟರ್ ಡೆಡ್. ಅವನನ್ನು ಎಬ್ಬಿಸಿ ಸಹಿ ಮಾಡಿಸಿಕೊಂಡೆವು. ಅಬಲೂರಿನಲ್ಲಿ ಕಾಲೇಜಿಗೆ ಹೋಗುವ ಶೈಲಶ್ರೀ ಎಂಬಾಕೆ ಗೆಳತಿಗೆ ‘ನಾ ಡೆಡ್’ ಎಂದು ಮೆಸೇಜು ಕಳಿಸಿದ್ದಳು. ವಿಚಾರಿಸಲಾಗಿ, ಬಹಳ ನಗು ಬಂದಿತ್ತಂತೆ. ನಗುವಿಗೆ ಕಾರಣ ನಮ್ಮ ಜೀಪಿನ ಮೇಲಿದ್ದ ಸಮಿತಿಯ ಹೆಸರು ಎಂದು ದಾಖಲಿಸಿಕೊಂಡು, ಅಲ್ಲಿಯೇ ಊಟ ಮುಗಿಸಿದೆವು.

ಕೊನೆಗೆ ಹೊಳೆವ್ವನ ಗಿರಣಿಗೂ ಹೋದೆವು.

“ಮಾಸ್ತರ, ನಾ ಬರಸಿದ್ದು ತಿಳಿಲಿಲ್ಲೇನ್ರಿ?”

“ತಿಳದದ ಹೊಳೆವ್ವಾ. ಯಾವ ಅರ್ಥದಾಗ ತಿಳದದ ಅನ್ನೂದು ಇನ್ನೂ ತಿಳದಿಲ್ಲ.”

“ಮಂದಿ ಮೆಣಸಿನಕಾಯಿ ಹೊತಗೊಂಡು ಸವಣೂರಿಗೆ ಹೊಂಟಾರ್ರಿ. ಈ ಒಂದು ತಿಂಗಳ ಹೋತಂದ್ರ ನನ್ನ ವರ್ಷಾನ ಹೋತು.”

“ಅದಿರ್ಲಿ. ಮೋಟಾರು ಕಡೀಕ ಏನರ ಅಂತೇನು?”

“ಗುರ್ರ್ ಅಂತ್ರಿ.”

‘ಅಂತ್ಯಕಾಲದ ಹೇಳಿಕೆ: ಗುರ್ರ್’ ಎಂದು ಬರೆದುಕೊಂಡೆ.

ನಿಘಂಟಿನ ಮೊದಲನೆಯ ಅರ್ಥಕ್ಕೆ ಮೊದಲ ಮರ್ಯಾದೆ ಕೊಟ್ಟು ಸಮಿತಿಯು ಮೋಟಾರನ್ನು ‘ಮೃತ’ ಎಂದು ಘೋಷಿಸಿತು. ನಿಯಮ ನಾಲ್ಕರ ಪ್ರಕಾರ ಮೃತರನ್ನು ದುರಸ್ತಿಗೆ ಕಳುಹಿಸತಕ್ಕದ್ದಲ್ಲ. ಹೊಸ ಮೋಟಾರು ಬೇಕಾದರೆ ಮೃತ ಮೋಟಾರಿನ ವಾರಸುದಾರರ ಒಪ್ಪಿಗೆ ಪತ್ರ ಲಗತ್ತಿಸತಕ್ಕದ್ದು. ಮೂರು ಮುದ್ರೆ ಒತ್ತಿದ ಪ್ರಮಾಣಪತ್ರವನ್ನು ಹೊಳೆವ್ವನಿಗೆ ಕೊಟ್ಟೆವು. ಇಂಥದ್ದು ಇಡೀ ಜಿಲ್ಲೆಯಲ್ಲೇ ಮೊದಲನೆಯದು. ಆಕೆಗೆ ಅದರ ಬೆಲೆ ತಿಳಿದಂತೆ ಕಾಣಲಿಲ್ಲ.

ಮರುದಿನ ಆಕೆ ಸವಣೂರಿನಿಂದ ಮೋಟಾರು ದುರಸ್ತಿ ಮಾಡುವ ಮುಮ್ತಾಜಬೇಗಂಳನ್ನು ಕರೆಸಿದಳು. ಎರಡೇ ತಾಸು. ಮೃತ ಮೋಟಾರು ತನ್ನ ಅಂತ್ಯಕಾಲದ ಹೇಳಿಕೆಯನ್ನು ಮುಂದುವರಿಸಿತು.

ಸುದ್ದಿ ಹೋಗಿ, ಸುಶೀಂದ್ರ ಜಪ್ತಿ ಮಾಡಲು ಬಂದ. ನಿಘಂಟು ಎತ್ತಿಕೊಂಡು ನಾನೂ ಹೋದೆ. ಒಳಗೆಲ್ಲ ಖಾರದ ಘಾಟು. ಸರದಿ ಬಾಗಿಲಾಚೆ ನಿಂತಿತ್ತು.

“ಮೊಹರು ಮುರದೀಯಂತಲ್ಲ ಹೊಳೆವ್ವಾ?” ಎಂದ ಸುಶೀಂದ್ರ, ಸೀನುತ್ತ.

ಹೊಳೆವ್ವ ಮೂಗಿಗೆ ಸೆರಗು ಹಿಡಿದುಕೊಂಡೇ ಪ್ರಮಾಣಪತ್ರ ಚಾಚಿದಳು. “ಸತ್ತದ್ದನ್ನ ದುರಸ್ತಿ ಮಾಡಾಕ ಬರೂದಿಲ್ಲಂತ ನೀವ ಬರಕೊಟ್ಟೀರಲ್ರಿ ಸಾಹೇಬ್ರ. ದುರಸ್ತಿನ ಆಗಿಲ್ಲಂದ ಮ್ಯಾಲೆ ಮೊಹರು ಯಾರು ಮುರೀತಾರ್ರಿ?”

ಸುಶೀಂದ್ರ ನನ್ನತ್ತ ತಿರುಗಿದ. “ಮತ್ತ ಇದು ತಿರಗ್ಲಿಕ್ಕತ್ತದಲ್ಲ ಕಾಕಾ?”

ಗಂಭೀರ ಪ್ರಶ್ನೆ. ಮೋಟಾರು ಬದುಕಿದೆ ಎಂದರೆ ವರದಿ ಸುಳ್ಳು. ವರದಿ ಸುಳ್ಳೆಂದರೆ ಹನ್ನೊಂದು ಪ್ರವಾಸವೂ ಸುಳ್ಳು. ಉಂಡದ್ದನ್ನು ಮಾತ್ರ ವಾಪಸು ಮಾಡಲು ಬರುವಂತಿಲ್ಲ. ನಾನು ನಿಘಂಟು ತೆರೆದೆ, ಎರಡು ಸಲ ಸೀನಿದೆ, ಮುಚ್ಚಿದೆ.

“ಅಲ್ಲಪಾ ಸುಶೀಂದ್ರ, ನಲವತ್ತನೇದು ಬರದು ಪೆನ್ನು ಮುಚ್ಚಿದ್ದೆ. ಇದು ನಲವತ್ತೊಂದನೇ ಅರ್ಥ. ಡೆಡ್ ಅಂದ್ರ, ಚಾಲೂ ಇರೂದು. ಹತ್ತಿಮತ್ತೂರಿನಾಗ ಹಂಗ ಅಂತಾರ.”

“ಅಂತೀರೇನವ್ವಾ?” ಎಂದು ಸುಶೀಂದ್ರ ಸರದಿಯನ್ನೇ ಕೇಳಿದ.

ಕೊಡ, ಡಬ್ಬಿ, ಚೀಲ ಹಿಡಿದಿದ್ದ ಹೆಂಗಸರು ಹೊಳೆವ್ವನ ಮುಖ ನೋಡಿದರು. ಮುಂದೆ ನಿಂತಿದ್ದ ಸರೋಜವ್ವ ಹೇಳಿದಳು: “ಅಂತೇವ್ರಿ. ಲಗೂನ ಬರಕೊಳ್ರಿ, ನನ್ನ ಪಾಳೆ ಬಂದೈತಿ.”

ಬರೆದುಕೊಂಡೆವು.

ನಿಯಮದಂತೆ ಈಗ ಗಿರಣಿಗೆ ಫಲಕ ಹಾಕಲಾಗಿದೆ: ‘ಮೃತ ಗಿರಣಿ. ಬೆಳಿಗ್ಗೆ ಎಂಟರಿಂದ ಸಂಜೆ ಆರು. ಸೋಮವಾರ ರಜೆ.’ ಮೋಟಾರಿನ ಆರೋಗ್ಯದ ಬಗ್ಗೆ ದೂರುಗಳಿಲ್ಲ. ಸುಶೀಂದ್ರನ ಹೆಂಡತಿ ವೃಂದಾ ಐದು ಕಿಲೋ ಮೆಣಸಿನಕಾಯಿ ಅಲ್ಲಿಗೇ ಕಳಿಸುತ್ತಾಳೆ. ನಮ್ಮ ಮನೆಯ ಖಾರಪುಡಿಯೂ ಅಲ್ಲಿಯದೇ. ಬಣ್ಣ ಬಹಳ ಚಲೋ ಬರುತ್ತದೆ. ಡಬ್ಬಿಯ ಮೇಲೆ ನಾನೇ ಚೀಟಿ ಅಂಟಿಸಿದ್ದೇನೆ: ‘ಮೋಟಾರು ಡೆಡ್. ಅರ್ಥ ನಲವತ್ತೊಂದು.’