ಅಮ್ಮನನ್ನು ನುಂಗಿ ಕೂತಿರುವ ತಮ್ಮ ಯಂತ್ರದ ಕುರಿತು

ಹಳೆ ಸಾಮಾನು ಮಾರುವ-ಕೊಳ್ಳುವವರ ಗುಂಪಿನಲ್ಲಿ ‘ಸ್ಟುಡಿಯೋ ಮಾಮ’ ಎಂಬ ಬಿರುದಿನಿಂದ ವಿರಾಜಿಸುತ್ತಿರುವ ಮಾನ್ಯರೇ,

ಇಂದು ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ, ತಾವು ನನಗೆ ಮಾರಿದ ಫಿಲ್ಮ್ ಸ್ಕ್ಯಾನರ್ ಎರಡು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಭರ್ಜರಿ ಊಟ ಮುಗಿಸಿದವರಂತೆ ದೀರ್ಘವಾಗಿ ತೇಗಿದ ಸದ್ದಿಗೆ ನನಗೆ ಎಚ್ಚರವಾಯಿತೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ನನ್ನ ಐದು ತಿಂಗಳ ಮಗಳು ಮಲಗಿ ಆಗಿನ್ನೂ ಹನ್ನೊಂದು ನಿಮಿಷವಾಗಿತ್ತು. ಅವಳೂ ಎದ್ದಳು. ತಾವು ಮಕ್ಕಳನ್ನು ಸಾಕಿದವರಾಗಿದ್ದರೆ ಮುಂದಿನದನ್ನು ವಿವರಿಸಬೇಕಾಗಿಲ್ಲ.

ತಮ್ಮ ಫೋನು ನಿನ್ನೆಯಿಂದ ಸ್ವಿಚ್ ಆಫ್ ಆಗಿರುವುದರಿಂದ ಈ ಪತ್ರವನ್ನು ಗುಂಪಿನಲ್ಲಿ ಎಲ್ಲರೆದುರಿಗೆ ಹಾಕುತ್ತಿದ್ದೇನೆ. ಇನ್ನೊಂದು ಪ್ರತಿಯನ್ನು ನನ್ನ ಗಂಡ ತಮ್ಮ ಮುಚ್ಚಿದ ಸ್ಟುಡಿಯೋದ ಷಟರಿಗೆ ಅಂಟಿಸಿ ಬರಲಿದ್ದಾನೆ. ಅವನು ಅಂಟಿಸಿದ್ದು ಯಾವುದೂ ನಿಲ್ಲುವುದಿಲ್ಲ, ಆದ್ದರಿಂದ ಬಾಗಿಲ ಬುಡದಲ್ಲೂ ಒಮ್ಮೆ ನೋಡಬೇಕಾಗಿ ಕೋರಿಕೆ.

ಮೊದಲು ಸಲ್ಲಬೇಕಾದ ಹೊಗಳಿಕೆ ಸಲ್ಲಲಿ. ತಮ್ಮ ಜಾಹೀರಾತಿನಲ್ಲಿ ‘ಸ್ಥಿತಿ ಉತ್ತಮ, ಒಬ್ಬರೇ ಬಳಸಿದ್ದು’ ಎಂದು ಬರೆದಿದ್ದಿರಿ. ಎರಡನೆಯ ಮಾತು ನೂರಕ್ಕೆ ನೂರು ನಿಜ, ಏಕೆಂದರೆ ಆ ಒಬ್ಬರು ಇನ್ನೂ ಅದರೊಳಗೇ ಇದ್ದರು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಯಂತ್ರ ನನಗೇಕೆ ಬೇಕಾಯಿತೆಂದರೆ, ನನಗೆ ಎರಡು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಮನೆಯಲ್ಲಿ ಉಳಿದಿರುವುದು ಅವಳ ಮದುವೆಯ ಫೋಟೋ ಒಂದೇ, ಅದರಲ್ಲಿ ತಲೆ ತಗ್ಗಿಸಿದ್ದಾಳೆ. ಬೈತಲೆ ಮಾತ್ರ ಬಹಳ ಚೆನ್ನಾಗಿ ಬಂದಿದೆ. ಮಗುವನ್ನು ನೋಡಲು ಬಂದವರೆಲ್ಲ ‘ಥೇಟ್ ನಿಮ್ಮಮ್ಮ ಕಣೇ’ ಎನ್ನುತ್ತಾರೆ, ನಾನು ಪೆಚ್ಚುಪೆಚ್ಚಾಗಿ ನಗುತ್ತೇನೆ, ಏಕೆಂದರೆ ಹೌದೋ ಅಲ್ಲವೋ ನನಗೇ ಗೊತ್ತಿಲ್ಲ. ಹೀಗಿರುವಾಗ ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಹೋದ ವಾರ ಬರುವಾಗ ಅವರ ಹಳೆಯ ಪೆಟ್ಟಿಗೆಯಿಂದ ನಾಲ್ಕು ನೆಗೆಟಿವ್ ಪಟ್ಟಿಗಳನ್ನು ಲಕೋಟೆಯಲ್ಲಿಟ್ಟುಕೊಂಡು ತಂದರು. ನಾಲ್ಕನೆಯದರಲ್ಲಿ ಅಮ್ಮ ನನ್ನನ್ನು ಎತ್ತಿಕೊಂಡು, ತಲೆಯೆತ್ತಿ, ನೇರವಾಗಿ ನೋಡುತ್ತಿದ್ದಾಳೆ. ಕಿಟಕಿಗೆ ಹಿಡಿದರೆ ಕೂದಲು ಬೆಳ್ಳಗೆ, ಹಲ್ಲು ಕಪ್ಪಗೆ. ನನ್ನ ಗಂಡ ಅದನ್ನು ಮೊಬೈಲಿನಲ್ಲಿ ತೆಗೆದು ಏನೋ ಉಲ್ಟಾ ಮಾಡಿದಾಗ ಅಮ್ಮ ಬದನೆಕಾಯಿ ಬಣ್ಣದಲ್ಲಿ ಬಂದಳು. ಪಟ್ಟಿಗಳನ್ನು ಬಿಟ್ಟುಹೋಗಿ ಎಂದರೆ ಅತ್ತೆ, ‘ನಿನ್ನ ಕೈಲಿ ಕೊಟ್ರೆ ನಾಳೆ ಮಗು ಬಾಯಲ್ಲಿರುತ್ತೆ’ ಎಂದು ಲಕೋಟೆಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾರೆ, ಹಗಲಲ್ಲಿ ಸ್ಕ್ಯಾನಿಗೆಂದು ಮಾತ್ರ ನನ್ನ ಕೈಗೆ ಕೊಡುತ್ತಾರೆ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಅವರು ಹೊರಡುತ್ತಾರೆ, ಹೊರಡುವ ಮುಂಚೆ ಎಣಿಸಿಕೊಳ್ಳುತ್ತಾರೆ.

ತಮ್ಮ ಯಂತ್ರದ ಸೇವೆಯಲ್ಲಿ ನಾನು ಕಳೆದ ಆರು ದಿನಗಳನ್ನು ಸಂಕ್ಷೇಪಿಸುತ್ತೇನೆ. ಅದರ ಕೇಬಲ್ಲು ಈ ಕಾಲದ ಯಾವ ಕಂಪ್ಯೂಟರಿಗೂ ಹೋಗುವುದಿಲ್ಲವೆಂದು ಅಟ್ಟದ ಮೇಲಿನ ಹಳೆಯದನ್ನು ಇಳಿಸಿದೆವು. ಎಷ್ಟೋ ವರ್ಷದ ಹಿಂದೆ ನಿಂತ ಅದರ ಗಡಿಯಾರದ ಪ್ರಕಾರ ನನಗಿನ್ನೂ ಮದುವೆಯಾಗಿಲ್ಲ, ಆ ವಾದದಲ್ಲಿ ಕೆಲವು ರಾತ್ರಿ ನನಗೂ ಹುರುಳು ಕಂಡಿದ್ದುಂಟು. ಕೊನೆಗೂ ಮೊದಲ ಚಿತ್ರ ಬಂತು: ಅತ್ತೆಯ ಮದುವೆ. ಮಾವನವರಿಗೂ ಅತ್ತೆಗೂ ನಡುವೆ, ಹೊಗೆಯಂತೆ ತೆಳ್ಳಗೆ, ದಪ್ಪ ಮೀಸೆಯ ಯುವಕನೊಬ್ಬ ಸ್ಕೂಟರಿನ ಮೇಲೆ ಕೂತಿದ್ದ. ಮುಂದಿನ ಚಿತ್ರದಲ್ಲೂ ಅವನೇ. ಅಪ್ಪ ಶಾಲೆಯ ಬಹುಮಾನ ತೆಗೆದುಕೊಳ್ಳುವಾಗ ವೇದಿಕೆಯ ಮೇಲೂ ಅವನೇ, ಸ್ಕೂಟರ್ ಸಮೇತ. ‘ಯಾರೇ ಇದು, ನನ್ನ ಮದುವೇಲಿ ಇವರನ್ನ ನೋಡಿದ ನೆನಪೇ ಇಲ್ವಲ್ಲ’ ಎಂದು ಅತ್ತೆ ಮೊದಲ ದಿನ ಗಾಬರಿಯಾದರು. ಮೂರನೆಯ ದಿನದ ಹೊತ್ತಿಗೆ ‘ಆದರೂ ಆಳು ಲಕ್ಷಣವಾಗಿದಾನೆ’ ಎಂದರು.

ಆಗ ತಮಗೆ ಫೋನು ಮಾಡಿದೆ. ‘ಹಳೇ ಫಿಲ್ಮು ಅಲ್ವೇನಮ್ಮ, ನೆರಳುಗಿರಳು ಬರುತ್ತೆ, ಒಂದ್ಸಲ ಒರೆಸಿ ನೋಡಿ. ಫಿಲ್ಮು ಒಳಗಿರೋವಾಗ ಮಾತ್ರ ಪ್ಲಗ್ಗು ಕೀಳ್ಬೇಡಿ, ಒಳಗಿನ ಚಕ್ರದ ಹಲ್ಲು ಕಚ್ಕೊಂಡ್ಬಿಡುತ್ತೆ’ ಎಂದು ಅಪ್ಪಣೆ ಕೊಡಿಸಿದಿರಿ. ಒರೆಸಿದೆ. ಮಗುವಿನ ಮೂಗಿಗೂ ಅಷ್ಟು ಮೆತ್ತನೆ ಬಟ್ಟೆ ಬಳಸಿಲ್ಲ. ನಿನ್ನೆ ಟಾರ್ಚು ಹಿಡಿದು ಬಾಯೊಳಗೆ ಇಣುಕಿದಾಗ ದೀಪಕ್ಕೂ ಮಸೂರಕ್ಕೂ ನಡುವೆ ಒಂದು ಪಟ್ಟಿ ಸಿಕ್ಕಿಕೊಂಡಿರುವುದು ಕಂಡಿತು. ಹುಬ್ಬು ಕೀಳುವ ಚಿಮಟದಿಂದ ಎಳೆದೆ. ಬಂದವರು ತಾವೇ, ಮಾನ್ಯರೇ. ಅದೇ ಮೀಸೆಯನ್ನು ತಮ್ಮ ಜಾಹೀರಾತಿನ ಪಟದಲ್ಲಿ ಬಿಳಿಯ ಬಣ್ಣದಲ್ಲಿ ನೋಡಿದ್ದೆ.

ತಮ್ಮನ್ನು ಹೊರಗೆ ಕರೆತಂದ ಖುಷಿಯಲ್ಲಿ ಇಂದು ಮಧ್ಯಾಹ್ನ ಅಮ್ಮನಿರುವ ನಾಲ್ಕನೆಯ ಪಟ್ಟಿಯ ತುದಿಯನ್ನು ಯಂತ್ರದ ಬಾಯಿಗಿಟ್ಟೆ. ಅದು ಒಳಗೆಳೆದುಕೊಳ್ಳುವವರೆಗೆ ನೆಟ್ಟಗೆ ಹಿಡಿದಿರಬೇಕೆಂದು ತಾವು ಹೇಳಿದ್ದು ನೆನಪಿತ್ತು. ಆದರೆ ಮಗು ಮಲಗಿತ್ತು, ಮನೆ ತಣ್ಣಗಿತ್ತು, ಪಟ್ಟಿ ಹಿಡಿದುಕೊಂಡೇ ನಾನು ತೂಕಡಿಸಿಬಿಟ್ಟೆ. ಅಷ್ಟು ತಪ್ಪು ನನ್ನದೆಂದು ಗುಂಪಿನ ಎಲ್ಲ ಸದಸ್ಯರ ಎದುರು ಒಪ್ಪುತ್ತೇನೆ. ಕೈ ಸಡಿಲವಾಯಿತು, ಎರಡು ನಲವತ್ತಕ್ಕೆ ಪಟ್ಟಿ ಸೊಟ್ಟಗೆ ಒಳಗೆ ಹೋಯಿತು. ಈಗ ಉಗುರಿನಷ್ಟು ಮಾತ್ರ ಹೊರಗಿದೆ. ಎಳೆದರೆ ಗೀರು ಬೀಳುತ್ತದೆ, ಪ್ಲಗ್ ಕಿತ್ತರೆ ಹಲ್ಲು ಕಚ್ಚುತ್ತದೆ, ಹಾಗೇ ಬಿಟ್ಟರೆ ದೀಪದ ಕಾವು ಏರುತ್ತಿದೆ. ಮಗುವಿನ ಹಣೆ ಮುಟ್ಟಿ ನೋಡುವಂತೆ ಅರ್ಧ ಗಂಟೆಗೊಮ್ಮೆ ಯಂತ್ರದ ಬೆನ್ನು ಮುಟ್ಟಿ ನೋಡುತ್ತಿದ್ದೇನೆ. ಅಡಿಯಲ್ಲಿ ಒಂಬತ್ತು ತಿರುಪುಗಳಿವೆ. ಯಾವುದನ್ನು ಬಿಚ್ಚಿದರೆ ಹಲ್ಲು ಸಡಿಲವಾಗುತ್ತದೆಂದು ಬಲ್ಲವರು ಈ ಊರಿನಲ್ಲಿ ತಾವೊಬ್ಬರೇ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಆ ತಿರುಪು ಯಾವುದೆಂದು ತಿಳಿಸಬೇಕಾಗಿಯೂ, ಅದು ಸಾಧ್ಯವಾಗದಿದ್ದರೆ ಏಳರ ಬಸ್ಸನ್ನು ಹನ್ನೊಂದಕ್ಕೆ ಹೊರಡಿಸಬೇಕಾಗಿಯೂ, ಅದೂ ಆಗದಿದ್ದರೆ ಅತ್ತೆಗೆ ಮೂರರವರೆಗೆ ಮಾತ್ರ ಎಣಿಸಲು ಕಲಿಸಬೇಕಾಗಿಯೂ ಪ್ರಾರ್ಥಿಸುತ್ತೇನೆ. ಅತ್ತೆ ಈ ಗುಂಪಿನಲ್ಲಿಲ್ಲ. ಇರುವವರು ದಯವಿಟ್ಟು ಬಾಯಿ ಬಿಡಬಾರದು.

ನಿದ್ದೆಯೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ತಮ್ಮ ವಿಶ್ವಾಸಿ,
ಒಂಬತ್ತು ತಿರುಪುಗಳ ಮುಂದೆ ಕೂತಿರುವ ತಾಯಿ

ಮರೆತಿದ್ದು: ಸಂಜೆ ತಮ್ಮ ಪಟ್ಟಿಯನ್ನು ಕಿಟಕಿಗೆ ಹಿಡಿದು ನೋಡಿದೆ. ಸ್ಕೂಟರಿನ ಹಿಂದಿನ ಸೀಟಿನಲ್ಲಿ, ನಮ್ಮ ಚಿತ್ರಗಳಲ್ಲಿ ಬೀಳದೆ ಉಳಿದಿದ್ದ ಅಂಚಿನಲ್ಲಿ, ತಮ್ಮ ಭುಜ ಹಿಡಿದುಕೊಂಡು, ವಯಸ್ಸಾದ ಹೆಂಗಸೊಬ್ಬರು ಬಾಯಿ ತುಂಬ ನಗುತ್ತಿದ್ದಾರೆ. ಕೂದಲು ಕಪ್ಪಗೆ, ಹಲ್ಲೂ ಕಪ್ಪಗೆ. ಮೂಗು ತಮ್ಮದೇ, ಆದ್ದರಿಂದ ಅವರು ಯಾರೆಂದು ಊಹಿಸಿದ್ದೇನೆ. ಎಣಿಕೆ ಸರಿಹೋಗಲೆಂದು ಅವರನ್ನು ಅತ್ತೆಯ ಲಕೋಟೆಯ ನಾಲ್ಕನೆಯ ಪಟ್ಟಿಯ ಜಾಗದಲ್ಲಿ ಇಟ್ಟಿದ್ದೇನೆ. ನನ್ನಮ್ಮ ತಮ್ಮ ಯಂತ್ರದಲ್ಲಿದ್ದಾಳೆ. ಏಳು ಗಂಟೆಗೆ ತಮ್ಮಮ್ಮ ನಮ್ಮತ್ತೆಯ ಜೊತೆ ಬಸ್ಸು ಹತ್ತುತ್ತಾರೆ, ಆ ಪೆಟ್ಟಿಗೆ ಇನ್ನೆಷ್ಟು ವರ್ಷಕ್ಕೆ ತೆರೆಯುತ್ತದೋ ಹೇಳಲಾರೆ. ದಮ್ಮಯ್ಯ ಅನ್ನುತ್ತೇನೆ, ಬೆಳಗಾಗುವುದರೊಳಗೆ ಒಂದೇ ಒಂದು ಫೋನು ಮಾಡಿ. ಎಷ್ಟು ಹೊತ್ತಿಗಾದರೂ ಸರಿ. ಈ ಮನೆಯಲ್ಲಿ ಯಾರೂ ಮಲಗಿರುವುದಿಲ್ಲ.