ಕೋಟೆ ಬಾಗಿಲು ತೆಗೆದವರು ಯಾರು?

ಎವರಿಸ್ತೊ: ಇಲ್ಲ ಅಂದ್ರೆ ಇಲ್ಲ ಬೀಗರೇ! ನನ್ನ ಮಗಳ ಮದುವೆ ಊಟ ನಿಮ್ಮೂರಿನ ತಗಡಿನ ಸೂರಿನ ಕೆಳಗೆ ನಡೆಯೋದಿಲ್ಲ.

ಲೆಯಾಂದ್ರೊ: ತಗಡಾದ್ರೂ ಸೋರೋದಿಲ್ಲ ಬೀಗರೇ. ನಿಮ್ಮ ಕೋಟೆಗೆ ಮೊನ್ನೆ ಮೊನ್ನೆವರೆಗೂ ಸೂರೇ ಇರ್ಲಿಲ್ಲ.

ಎವರಿಸ್ತೊ: ಈಗ ಇದೆಯಲ್ಲ! ತಲೆ ಎತ್ತಿ ನೋಡಿ, ಎಂಥಾ ತೊಲೆ, ಎಂಥಾ ಕಮಾನು!

ಫೆಲಿಸಾ: ರೀ, ನೀವು ತಲೆ ಎತ್ತಿದ್ದು ಸಾಕು. ಕಾಲಡಿ ಮೆಟ್ಟಿಲಿದೆ.

ಹೆಂಡತಿ ಹೇಳಿ ಮುಗಿಸುವಷ್ಟರಲ್ಲಿ ಎವರಿಸ್ತೊ ಮುಗ್ಗರಿಸಿ, ಬೀಗರ ತೋಳನ್ನೇ ಹಿಡಿದು ನೆಟ್ಟಗೆ ನಿಂತ.

ಎವರಿಸ್ತೊ ತೊರ್ರೆಮೋರದವನು. ತನ್ನೂರಿಗೂ ಬೀಗರ ಊರಾದ ವಾಲ್ದೆಸಾಲಕ್ಕೂ ನಡುವೆ ಬಸ್ಸು ಓಡಿಸಿಯೇ ತಲೆ ನರೆಸಿಕೊಂಡವನು. ಕೋಟೆಯ ತಿರುವು ಬಂದಾಗಲೆಲ್ಲ ವೇಗ ತಗ್ಗಿಸಿ, "ವಾಲ್ದೆಸಾಲದವರು ಮೂರು ಚಳಿಗಾಲ ಮುತ್ತಿಗೆ ಹಾಕಿದ್ರು, ನಮ್ಮೋರು ಬಗ್ಗಲಿಲ್ಲ!" ಎಂದು ಸಾರುತ್ತಿದ್ದ. ಅಜ್ಜ ಹೇಳಿದ ಕಥೆ ಅದು. ಅಜ್ಜನಿಗೆ ಅದನ್ನು ಹೇಳಿದ್ದು ಹೆಂಡದಂಗಡಿ. ಬಸ್ಸಿನಲ್ಲಿದ್ದವರಲ್ಲಿ ಅರ್ಧದಷ್ಟು ಜನ ವಾಲ್ದೆಸಾಲದವರೇ. ಟಿಕೆಟ್ಟು ತೆಗೆದುಕೊಂಡ ತಪ್ಪಿಗೆ ಕೇಳಿಸಿಕೊಂಡು ಕೂತಿರುತ್ತಿದ್ದರು. ಕೋಟೆಯೊಳಗೆ ಮಾತ್ರ ಅವನು ಕಾಲಿಟ್ಟವನಲ್ಲ. ಅದು ಪಾಳುಬಿದ್ದು ಮೇಕೆಗಳ ಪಾಲಾಗಿತ್ತು. ಈಗ ದುರಸ್ತಿಯಾಗಿ, ಅಂಗಳವನ್ನು ಮದುವೆಗಳಿಗೂ ಬಿಟ್ಟುಕೊಡುತ್ತಿದ್ದರು. ಮಗಳು ವಾಲ್ದೆಸಾಲದ ಹುಡುಗನನ್ನು ಮೆಚ್ಚಿದ್ದಳು, ಅದಕ್ಕೇನೂ ಮಾಡುವಂತಿರಲಿಲ್ಲ. ಊಟವಾದರೂ ಈ ಅಂಗಳದಲ್ಲಾಗಲಿ, ಬೀಗರು ತಮ್ಮವರು ಸೋತ ಗೋಡೆಗಳನ್ನು ನೋಡುತ್ತಾ ಉಣ್ಣಲಿ ಎಂಬುದು ಅವನ ಆಸೆ.

ಅಷ್ಟರಲ್ಲಿ ಕೋಟೆ ತೋರಿಸುವ ಹುಡುಗಿ ನೂರಿಯಾ ಬಂದಳು.

ನೂರಿಯಾ: ಬನ್ನಿ, ಬನ್ನಿ. ಮೊದಲು ಮೇಲೆ ಗೋಡೇಲಿರೋ ಆ ಕಿಂಡಿ ನೋಡಿ...

ಎವರಿಸ್ತೊ: ನಾನು ಹೇಳ್ತೀನಿ ತಾಯಿ! ಕುದಿಯೋ ಎಣ್ಣೆ ಸುರಿದದ್ದು ಅಲ್ಲಿಂದಲೇ. ವಾಲ್ದೆಸಾಲದೋರ ನೆತ್ತಿ ಮೇಲೆ!

ನೂರಿಯಾ: ಎಣ್ಣೆ ಅಲ್ಲ ಯಜಮಾನ್ರೇ. ಆಗ ಎಣ್ಣೆ ರೊಟ್ಟಿಗೆ ಸವರೋಕೇ ಸಾಲ್ತಿರ್ಲಿಲ್ಲ. ಶತ್ರುಗಳಿಗೆ ಯಾರು ಸುರೀತಾರೆ?

ಲೆಯಾಂದ್ರೊ: ಹಾಗಾದ್ರೆ ಅಲ್ಲಿಂದ ಏನು ಬೀಳ್ತಿತ್ತು?

ನೂರಿಯಾ: ಅದು... ಒಡೆಯರ ಪಾಯಿಖಾನೆ.

ಎವರಿಸ್ತೊ ಕೆಮ್ಮಿದ. ಗೋಡೆಗೊರಗಿ ನಿಂತಿದ್ದ ಲೆಯಾಂದ್ರೊ ಮೆಲ್ಲಗೆ ಈಚೆಗೆ ಸರಿದ.

ಫೆಲಿಸಾ: ನೆತ್ತಿ ಮೇಲೆ ಏನೋ ಸುರಿದದ್ದಂತೂ ನಿಜವಾಯ್ತಲ್ಲ ಬಿಡಿ.

ಎವರಿಸ್ತೊ: ಕಿಂಡಿ ಮಾತು ಅತ್ಲಾಗಿರ್ಲಿ. ಮುತ್ತಿಗೆ ಆಗಿದ್ದು ಸುಳ್ಳಾ?

ನೂರಿಯಾ: ಇಲ್ಲ ಇಲ್ಲ, ಮುತ್ತಿಗೆ ಆಗಿತ್ತು.

ಎವರಿಸ್ತೊ: ಕೇಳಿದ್ರಾ ಬೀಗರೇ? ಕಿವಿ ಕೊಟ್ಟು ಕೇಳಿ!

ನೂರಿಯಾ: ಬೆಳಗ್ಗೆ ವಾಲ್ದೆಸಾಲದೋರು ಬಂದು ಸುತ್ತುವರಿದ್ರು.

ಎವರಿಸ್ತೊ: ಹೂಂ. ಯಾವ ವರ್ಷಕ್ಕೆ ಸೋತು ವಾಪಸ್ ಹೋದ್ರು?

ನೂರಿಯಾ: ಅದೇ ದಿನ ಊಟದ ಹೊತ್ತಿಗೆ ಕೋಟೆ ಅವರ ವಶ ಆಗಿಹೋಯ್ತು.

ಬಸ್ಸಿನ ಕನ್ನಡಿಯಲ್ಲಿ ಇಷ್ಟು ವರ್ಷ ಕಂಡ ಮುಖಗಳೆಲ್ಲ ಒಟ್ಟಿಗೇ ಹಲ್ಲುಕಿರಿದಂತಾಯಿತು ಎವರಿಸ್ತೊನಿಗೆ.

ಎವರಿಸ್ತೊ: ದ್ರೋಹ! ಯಾವನೋ ಒಳಗಿನಿಂದ ಬಾಗಿಲು ತೆಗೆದಿರ್ತಾನೆ. ವಾಲ್ದೆಸಾಲದೋನೇ ಇರ್ಬೇಕು!

ನೂರಿಯಾ: ತೆಗೆದಿದ್ದು ಬಾಗಿಲು ಕಾಯೋನೇ. ಅಪ್ಪಟ ತೊರ್ರೆಮೋರದೋನು. ಒಡೆಯರು ಊರಲ್ಲಿರ್ಲಿಲ್ಲ. ವಾಲ್ದೆಸಾಲದೋರು ಹೊರಗೆ ಎಳೇ ಕುರಿಮರಿ ಸುಡ್ತಾ ಕೂತಿದ್ರು. ಗಾಳಿ ಈ ಕಡೆಗೇ ಬೀಸ್ತಿತ್ತು. ಆಮೇಲೆ ವಿಚಾರಣೆ ಮಾಡಿದಾಗ ಅವನು ಏನಂದ ಗೊತ್ತಾ? "ಬಾಗಿಲು ಕಾಯೋಕೆ ಒಪ್ಪಿದ್ದೆ ನಿಜ. ಹಸ್ಕೊಂಡು ಕಾಯ್ತೀನಿ ಅಂತ ಯಾವಾಗ ಒಪ್ಪಿದ್ದೆ?"

ಫೆಲಿಸಾ: ಅಯ್ಯೋ ರೀ! ಇವನು ನಿಮ್ಮ ಮುತ್ತಾತನೇ. ಬೇರೆ ಸಾಕ್ಷಿ ಬೇಕಾಗಿಲ್ಲ.

ಎವರಿಸ್ತೊ: ಸುಮ್ನಿರೇ! (ನೂರಿಯಾಳಿಗೆ) ಅಲ್ಲಮ್ಮಾ... ಒಲೇಲಿಟ್ಟು ಬೇಯಿಸಿದ್ದಾ, ಕೆಂಡದ ಮೇಲೆ ಸುಟ್ಟಿದ್ದಾ?

ನೂರಿಯಾ: ಕೆಂಡದ ಮೇಲೆ. ದ್ರಾಕ್ಷಿ ಬಳ್ಳಿ ಕಡ್ಡಿ ಉರಿಸಿದ ಕೆಂಡ.

ಎವರಿಸ್ತೊ: ದ್ರಾಕ್ಷಿ ಕಡ್ಡಿ! ಪಾಪ, ಅವನಾದ್ರೂ ಏನು ಮಾಡ್ತಾನೆ? ಅವನು ಊಟದ ಹೊತ್ತಿನವರೆಗೂ ತಡೆದಿದ್ದೇ ಹೆಚ್ಚು. ನಾನಾಗಿದ್ರೆ ಕುರಿಮರಿ ಮಗ್ಗುಲು ತಿರುವೋದಕ್ಕೂ ಮುಂಚೆ ಅಗುಳಿ ತೆಗೆದಿರ್ತಿದ್ದೆ.

ಲೆಯಾಂದ್ರೊ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಹೊಸ ಕಮಾನುಗಳಿಗೆಲ್ಲ ಬಡಿದು ವಾಪಸ್ಸು ಬಂತು.

ಲೆಯಾಂದ್ರೊ: ಕತ್ತಿ ಎತ್ತಲಿಲ್ಲ, ಬಾಣ ಬಿಡಲಿಲ್ಲ! ಬೀಸಣಿಗೆ ಬೀಸಿ ಕೋಟೆ ಗೆದ್ದ ಊರು ನಮ್ಮದು! ಇನ್ನು ಮಾತೇ ಬೇಡ ಬೀಗರೇ. ಮದುವೆ ಊಟ ಗೆದ್ದೋರ ಊರಲ್ಲಿ. ಬೀಸಣಿಗೆ ನಾವೇ ತರ್ತೀವಿ.

ನೂರಿಯಾ: ಸ್ವಲ್ಪ ಇರಿ, ಕಥೆ ಇನ್ನೂ ಮುಗಿದಿಲ್ಲ. ಗೆದ್ದೋರು ಒಳಗೆ ಬಂದ್ರು, ಚೆನ್ನಾಗಿ ತಿಂದ್ರು, ದ್ರಾಕ್ಷಾರಸ ಕುಡಿದ್ರು, ಮಲಗಿದ್ರು. ಆ ಸಂಜೆಯೇ ಒಡೆಯರು ವಾಪಸ್ ಬಂದ್ರು.

ಲೆಯಾಂದ್ರೊ: ಬರ್ಲಿ! ಬಾಗಿಲು ಭದ್ರವಾಗಿ ಹಾಕಿರ್ತಾರೆ ನಮ್ಮೋರು.

ನೂರಿಯಾ: ಹಾಕೋದನ್ನೇ ಮರೆತಿದ್ರು.

ಎವರಿಸ್ತೊ: ಓಹೋ!

ನೂರಿಯಾ: ವಾಲ್ದೆಸಾಲದೋರ ನಾಯಕ ತಪ್ಪಿಸ್ಕೊಳ್ಳೋಕೆ ಅಡುಗೆಯವಳ ಲಂಗ ಉಟ್ಕೊಂಡು, ದೊಡ್ಡ ಬುಟ್ಟೀಲಿ ಕೂತು ಆ ಕಿಟಕಿಯಿಂದ ಇಳಿಯೋಕೆ ಹೋದ. ಹಗ್ಗ ಮೋಟಾಯ್ತು. ರಾತ್ರಿಯೆಲ್ಲ ಗೋಡೆ ಮಧ್ಯದಲ್ಲೇ ನೇತಾಡ್ತಿದ್ದ. ಬೆಳಗಾಗೋ ಹೊತ್ತಿಗೆ ಇಡೀ ತೊರ್ರೆಮೋರ ಕೆಳಗೆ ನೆರೆದಿತ್ತು.

ಲೆಯಾಂದ್ರೊ: ಯಾರವನು? ನಮ್ಮೂರ ಮಾನ ಕಳೆದೋನು? ಯಾವ ಮನೆತನ?

ನೂರಿಯಾ: ಅದೂ ಗೊತ್ತು. ನಿಮ್ಮ ಮನೆತನದ ಹೆಸರೇನು ಹೇಳಿ?

ಲೆಯಾಂದ್ರೊ: ...ಬೇಡ ಬಿಡಮ್ಮಾ. ಸತ್ತೋರ ಸುದ್ದಿ ಯಾಕೆ?

ಈಗ ಎವರಿಸ್ತೊ ಕಣ್ಣೊರೆಸಿಕೊಂಡು ನಕ್ಕ. ಅದೇ ಕಮಾನುಗಳು ಅವನ ನಗುವನ್ನೂ ಭೇದಮಾಡದೆ ಮರಳಿಸಿದವು.

ನೂರಿಯಾ: ನೀವು ಮದುವೆ ಇಲ್ಲಿ ಇಟ್ಕೊಂಡ್ರೆ, ಊಟಕ್ಕೆ ಕೂತ ಎರಡೂ ಊರಿನವರಿಗೆ ಈ ಕಥೆ ನಾನೇ ಹೇಳ್ತೀನಿ. ಕಿಟಕೀನೂ ತೋರಿಸ್ತೀನಿ.

ಎವರಿಸ್ತೊ, ಲೆಯಾಂದ್ರೊ (ಒಂದೇ ಉಸಿರಿಗೆ): ಬೇಡ!

ಫೆಲಿಸಾ: ಅಬ್ಬ! ನಿಶ್ಚಿತಾರ್ಥ ಆದಮೇಲೆ ಇಬ್ಬರೂ ಒಪ್ಪಿದ ಮೊದಲನೇ ಮಾತು.

ಲೆಯಾಂದ್ರೊ: ನೋಡಿ ಬೀಗರೇ, ತಗಡಿನ ಸೂರೇ ವಾಸಿ. ಅದಕ್ಕೆ ಇತಿಹಾಸ ಇಲ್ಲ. ಇವತ್ತು ಕೇಳಿದ್ದು ನಮ್ಮ ನಮ್ಮಲ್ಲೇ ಇರ್ಲಿ. ನೀವು ನಿಮ್ಮ ಮೂರು ಚಳಿಗಾಲ ಹೇಳ್ಕೊಂಡಿರಿ, ನಾನು ಬೇಡ ಅನ್ನಲ್ಲ.

ಎವರಿಸ್ತೊ ಕೋಟೆಯ ಹೆಬ್ಬಾಗಿಲ ಕಡೆ ತಿರುಗಿದ. ಕೈಚಾಚಿದರೆ ಹಳೆಯ ಜಂಬವೆಲ್ಲ ಇದ್ದಂತೆಯೇ ವಾಪಸ್ಸು ಸಿಗುತ್ತಿತ್ತು. ಆದರೆ ಆ ಹೆಬ್ಬಾಗಿಲನ್ನು ನೋಡಿದಾಗಲೆಲ್ಲ ಮೂಗರಳಿಸಿಕೊಂಡು ಅಗುಳಿಗೆ ಕೈಹಾಕಿದ ಆ ಕಾವಲುಗಾರನೇ ಕಾಣುತ್ತಿದ್ದ, ಅವನ ಮುಖ ದಿನಾ ಬೆಳಗ್ಗೆ ಕ್ಷೌರ ಮಾಡಿಕೊಳ್ಳುವಾಗ ನೋಡುವ ಮುಖದಂತೆಯೇ ಇತ್ತು. ತಡೆಯಲಾರದೆ ಮತ್ತೆ ನಗು ಬಂತು.

ಎವರಿಸ್ತೊ: ಇಲ್ಲ ಬೀಗರೇ. ಊಟ ಇಲ್ಲೇ. ಕಥೆ ಈ ಹುಡುಗಿ ಹೇಳೋದು ಬೇಡ, ನಾನೇ ಎದ್ದು ನಿಂತು ಹೇಳ್ತೀನಿ. ಇವತ್ತಲ್ಲ ನಾಳೆ ಊರು ನಗೋದೇ. ನಾನೇ ಮೊದಲು ನಕ್ಕುಬಿಟ್ರೆ, ಮಿಕ್ಕೋರೆಲ್ಲ ನನ್ನ ಹಿಂದೆ ಸಾಲು ನಿಲ್ಲಬೇಕಾಗುತ್ತೆ.

ಲೆಯಾಂದ್ರೊ: ಕೈಮುಗೀತೀನಿ, ಆ ಬುಟ್ಟಿ ವಿಷಯ ಒಂದು ಬಿಟ್ಟುಬಿಡಿ.

ಎವರಿಸ್ತೊ: ಅದು ಹೇಗಾಗುತ್ತೆ? ನಮ್ಮ ಕಡೆ ಮಾನ ಪೂರ್ತಿ ಕಳೆದು, ನಿಮ್ಮದು ಉಳಿಸಿಬಿಟ್ರೆ, ಬೀಗರಿಗೆ ಕಮ್ಮಿ ಮಾಡ್ದ ಅಂತ ನಾಳೆ ನೀವೇ ಆಡ್ಕೋತೀರ!

ಫೆಲಿಸಾ: ನೂರಿಯಾ, ಮದುವೆ ದಿನಕ್ಕೆ ಅಂಗಳ ನಮ್ಮ ಹೆಸರಿಗೆ ಬರ್ಕೊಳ್ಳಮ್ಮಾ. ಸರಿಸಮ ಸಂಬಂಧ ಅಂದ್ರೆ ಇದೇ.